ಕೆಲ್ಸದಲ್ಲಿ ಪೆಟ್ಟಾದ್ರೆ ಕ್ಲೇಮ್ ಎಲ್ಲಿ ಹಾಕೋದು: ಇಎಸ್‌ಐನಾ, ಮಾಲೀಕನ ಮೇಲಾ, ಗುದ್ದಿದ ಗಾಡಿ ಮೇಲಾ?

ಮೂರು ತಿಂಗಳಲ್ಲಿ ನಾಲ್ಕು ಜನ ನನ್ನ ಹತ್ರ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು. ಒಬ್ರು ಟೆಂಪೋ ಡ್ರೈವರ್‌ನ ಹೆಂಡ್ತಿ, ಒಬ್ಬ ಪ್ರೆಸ್ ಮಷಿನ್‌ಗೆ ಬೆರಳು ಕೊಟ್ಟ ಹುಡುಗ, ಇನ್ನಿಬ್ರು ಸೈಟ್ ಕೆಲಸದವ್ರು. ಎಲ್ರದ್ದೂ ಒಂದೇ ಮಾತು: ಒಬ್ಬ ಲಾಯರ್ ಮಾಲೀಕನ ಮೇಲೆ ಲೇಬರ್ ಕೇಸ್ ಹಾಕಿ ಅಂತಾರೆ, ಇನ್ನೊಬ್ರು ಎಂವಿಸಿ (ಗಾಡಿ ಆಕ್ಸಿಡೆಂಟ್ ಪರಿಹಾರದ ಕೇಸು) ಹಾಕಿ ಜಾಸ್ತಿ ಬರುತ್ತೆ ಅಂತಾರೆ, ಕಂಪನಿಯವ್ರು ಇಎಸ್‌ಐ (ಸಂಬಳದಿಂದ ಹಿಡಿಯೋ ಸರ್ಕಾರಿ ಕಾರ್ಮಿಕ ವಿಮೆ) ಇದೆಯಲ್ಲ ಸುಮ್ನಿರಿ ಅಂತಾರೆ, ನಾವು ಯಾರ ಮಾತು ಕೇಳ್ಬೇಕು? ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೀತಿದೀನಿ. ನಾನು ಲಾಯರ್ ಅಲ್ಲ. ನಮ್ಮ ಭಾವನ ಕೇಸ್ ಹಿಡ್ಕೊಂಡು ಎರಡೂವರೆ ವರ್ಷ ಕೋರ್ಟಿಗೆ ಅಲೆದು ಕಲ್ತಿದ್ದು ಇದು, ಆಮೇಲೆ ಬೇರೆಯವ್ರ ಫೈಲ್ ಹಿಡ್ಕೊಂಡೂ ಓಡಾಡಿದೀನಿ.

ಮೊದ್ಲು ಒಂದು ಮಾತು. ಯಾವ್ದ್ರಲ್ಲಿ ಜಾಸ್ತಿ ದುಡ್ಡು ಬರುತ್ತೆ ಅಂತ ಶುರು ಮಾಡ್ಬೇಡಿ. ಅಳೆಯೋಕೆ ಐದು ವಿಷ್ಯ ಇದೆ. ಒಂದು, ತಪ್ಪು ಯಾರದ್ದು ಅಂತ ನೀವು ಪ್ರೂವ್ ಮಾಡ್ಬೇಕಾ ಬೇಡ್ವಾ. ಎರಡು, ಸಿಗೋ ಮೊತ್ತಕ್ಕೆ ಮೇಲ್ಮಿತಿ ಇದೆಯಾ. ಮೂರು, ಕೊಡ್ಬೇಕಾದವ್ರ ಹತ್ರ ನಿಜವಾಗ್ಲೂ ದುಡ್ಡು ಇದೆಯಾ, ಇನ್ಶೂರೆನ್ಸ್ ಇದೆಯಾ. ನಾಲ್ಕು, ಮನೆಗೆ ಒಂದೇ ಸಲ ದೊಡ್ಡ ಮೊತ್ತ ಬೇಕಾ, ಇಲ್ಲ ತಿಂಗಳು ತಿಂಗಳು ಬರೋದು ಬೇಕಾ. ಐದನೇದೇ ಎಲ್ಲಕ್ಕಿಂತ ಮುಖ್ಯ: ಈ ಬಾಗಿಲಲ್ಲಿ ಒಳಗೆ ಹೋದ್ರೆ ಪಕ್ಕದ ಬಾಗಿಲು ಮುಚ್ಚುತ್ತಾ. ಈ ಐದನೇದು ನೋಡ್ದೆ ಅರ್ಜಿ ಹಾಕಿ ಕೈ ಸುಟ್ಕೊಂಡವ್ರೇ ಜಾಸ್ತಿ.

ಇಎಸ್‌ಐಯಿಂದ ಶುರು ಮಾಡೋಣ, ಯಾಕಂದ್ರೆ ಅದು ಇದ್ದವ್ರಿಗೆ ಆಯ್ಕೆನೇ ಕಮ್ಮಿ. ಸಂಬಳ ತಿಂಗಳಿಗೆ 21,000ದ ಒಳಗಿದ್ದು ನಿಮ್ಮ ಫ್ಯಾಕ್ಟರಿನೋ ಅಂಗಡಿನೋ ಇಎಸ್‌ಐ ವ್ಯಾಪ್ತಿಗೆ ಬಂದ್ರೆ ನೀವು ಅದ್ರೊಳಗೆ. ಸಂಬಳದಿಂದ 0.75% ಹಿಡೀತಾರೆ, ಮಾಲೀಕ 3.25% ಹಾಕ್ತಾನೆ. ಕೆಲ್ಸದಲ್ಲಿ ಆದ ಪೆಟ್ಟಿಗೆ ಇಷ್ಟು ತಿಂಗಳು ಕಟ್ಟಿರ್ಬೇಕು ಅನ್ನೋ ಕಂಡೀಷನ್ ಇಲ್ಲ, ಸೇರಿದ ಮೊದಲ ದಿನವೇ ಪೆಟ್ಟಾದ್ರೂ ಸಿಗುತ್ತೆ. ತಪ್ಪು ಯಾರದ್ದು ಅಂತನೂ ಕೇಳಲ್ಲ. ಚಿಕಿತ್ಸೆ ಪೂರ್ತಿ ಅವ್ರದ್ದು, ಕೆಲ್ಸಕ್ಕೆ ಹೋಗೋಕಾಗದ ದಿನಗಳಿಗೆ ದಿನಗೂಲಿಯ 90%, ಶಾಶ್ವತ ಊನ ಆದ್ರೆ ಅದರ ಪ್ರಮಾಣಕ್ಕೆ ತಕ್ಕಂತೆ ಬದುಕಿರೋವರೆಗೂ ತಿಂಗಳಿಗೆ ಇಷ್ಟು ಅಂತ ಬರುತ್ತೆ. ಜೀವ ಹೋದ್ರೆ ಅದೇ 90% ಹೆಂಡ್ತಿ ಮಕ್ಕಳಿಗೆ ಪಾಲಾಗುತ್ತೆ, ಹೆಂಡ್ತಿಗೆ ಐದರಲ್ಲಿ ಮೂರು ಪಾಲು, ಮಗುಗೆ ಎರಡು ಪಾಲು. ಮಕ್ಕಳು ಜಾಸ್ತಿ ಇದ್ರೆ ಎಲ್ರ ಪಾಲೂ ಅದಕ್ಕೆ ತಕ್ಕ ಹಾಗೆ ಇಳಿಯುತ್ತೆ. ಗಂಡುಮಕ್ಕಳಿಗೆ 25 ವರ್ಷದವರೆಗೆ, ಹೆಣ್ಣುಮಕ್ಕಳಿಗೆ ಮದ್ವೆ ಆಗೋವರೆಗೆ.

ಇಷ್ಟೆಲ್ಲ ಕೊಟ್ಟು ಒಂದು ಬೀಗನೂ ಹಾಕಿದಾರೆ. ಇಎಸ್‌ಐ ಕಾಯ್ದೆ ಸೆಕ್ಷನ್ 53ರಲ್ಲಿ, ಇಎಸ್‌ಐ ಇರೋ ವ್ಯಕ್ತಿ ಕೆಲ್ಸದ ಪೆಟ್ಟಿಗೆ ಮಾಲೀಕನಿಂದಾಗ್ಲಿ ಬೇರೆ ಯಾರಿಂದಾಗ್ಲಿ ಪರಿಹಾರ ವಸೂಲಿ ಮಾಡೋ ಹಾಗಿಲ್ಲ ಅಂತಿದೆ. "ಬೇರೆ ಯಾರಿಂದಾಗ್ಲಿ" ಅನ್ನೋ ಆ ಮಾತನ್ನ ಗಮನಿಸಿ. ಡ್ಯೂಟಿ ಮೇಲೆ ಹೋಗ್ತಿದ್ದಾಗ ಲಾರಿ ಗುದ್ದಿದ್ರೂ ಇನ್ಶೂರೆನ್ಸ್ ಕಂಪನಿ ಇದೇ ಸೆಕ್ಷನ್ ಹಿಡ್ಕೊಂಡು ಬರುತ್ತೆ, 2009ರಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನದ ಕ್ಲೇಮ್‌ಗೂ ಇದನ್ನ ಅನ್ವಯಿಸಿದೆ. ಹಾಗಾಗಿ ಇಎಸ್‌ಐ ಕಾರ್ಡ್ ಇದ್ದು ಗಾಡಿ ಆಕ್ಸಿಡೆಂಟ್ ಆಗಿದ್ರೆ, ಅದು ಡ್ಯೂಟಿ ಟೈಮಲ್ಲಿ ಆಗಿದ್ದೋ ಅಲ್ವೋ ಅನ್ನೋದೇ ಇಡೀ ಕೇಸನ್ನ ತಿರುಗಿಸುತ್ತೆ, ಇಎಸ್‌ಐಗೆ ಪೇಪರ್ ಕೊಡೋಕೆ ಮೊದ್ಲೇ ಲಾಯರ್ ಹತ್ರ ಈ ಒಂದು ವಿಷ್ಯ ಕೂತು ಮಾತಾಡಿ.

ಕಂಪನಿ ಇಎಸ್‌ಐ ಹಿಡಿದು ಕಟ್ಟಿಲ್ಲ ಅಂತ ಗೊತ್ತಾದ್ರೆ ಗಾಬರಿ ಬೇಡ. ಕಟ್ಟದೇ ಇದ್ದಿದ್ದು ಮಾಲೀಕನ ತಪ್ಪು, ನಿಮಗೆ ಕೊಡೋದನ್ನ ಕೊಟ್ಟು ಅದನ್ನ ಅವನಿಂದ ವಸೂಲಿ ಮಾಡೋ ಅಧಿಕಾರ ಇಎಸ್‌ಐಗಿದೆ. ಮಾಲೀಕ ತುಂಬಬೇಕಾದ ಆಕ್ಸಿಡೆಂಟ್ ರಿಪೋರ್ಟು, ಫಾರಂ 12, ಅದು ಹೋಗಿದೆಯಾ ನೋಡಿ. ಎಷ್ಟೋ ಕಡೆ ಪೆಟ್ಟಾದ ಹುಡುಗನಿಗೆ ಸಿಕ್‌ನೆಸ್ ಲೀವ್ ಅಂತ ತೋರ್ಸಿ ಮುಗಿಸ್ತಾರೆ, ಆಗ ಜೀವಮಾನ ಪೂರ್ತಿ ಬರ್ಬೇಕಾದ್ದು ಕೆಲವೇ ದಿನದ ರಜೆ ದುಡ್ಡಲ್ಲಿ ಮುಗಿದುಹೋಗುತ್ತೆ.

ಎರಡನೇ ದಾರಿ ಮಾಲೀಕನ ಮೇಲೆ ಎಂಪ್ಲಾಯೀಸ್ ಕಾಂಪೆನ್ಸೇಶನ್, ಕೋರ್ಟ್ ಹತ್ರ ಇಸಿ ಕೇಸ್ ಅಂತಾರೆ. 1923ರ ಕಾಯ್ದೆ ಇದು. 2025 ನವೆಂಬರ್ 21ರಿಂದ ಸಾಮಾಜಿಕ ಭದ್ರತೆಯ ಹೊಸ ಕೋಡ್ ಜಾರಿಗೆ ಬಂದು ಇದೂ ಇಎಸ್‌ಐ ಕಾಯ್ದೆನೂ ಅದ್ರೊಳಗೆ ಸೇರ್ಕೊಂಡಿವೆ, ಆದ್ರೆ ಲೆಕ್ಕದ ಸೂತ್ರ ಹೆಚ್ಚುಕಮ್ಮಿ ಅದೇ. ಅದಕ್ಕೂ ಮೊದ್ಲು ಆದ ಆಕ್ಸಿಡೆಂಟ್‌ಗೆ ಹಳೇ ಕಾಯ್ದೆನೇ.

ಇಸಿಯ ಬಲ ಏನಂದ್ರೆ ಇಲ್ಲೂ ತಪ್ಪು ಪ್ರೂವ್ ಮಾಡ್ಬೇಕಾಗಿಲ್ಲ. ನೀವು ಅವನ ಕೆಲ್ಸದವ್ರು, ಕೆಲ್ಸದ ಸಂಬಂಧದಲ್ಲಿ ಪೆಟ್ಟಾಯ್ತು, ಇಷ್ಟು ತೋರ್ಸಿದ್ರೆ ಸಾಕು. ನಿಮ್ಮದೇ ಅಜಾಗರೂಕತೆ ಇದ್ರೂ ಸಿಗುತ್ತೆ. ಕುಡಿದಿದ್ದ, ಸೇಫ್ಟಿ ಗಾರ್ಡ್ ಬೇಕಂತಲೇ ತೆಗೆದಿದ್ದ ಅಂತ ಮಾಲೀಕ ಹೇಳ್ಬಹುದು, ಆದ್ರೆ ಸಾವು ಇಲ್ಲ ಪೂರ್ತಿ ಶಾಶ್ವತ ಊನ ಆಗಿದ್ರೆ ಆ ವಾದನೂ ನಡೆಯಲ್ಲ. ಮೇಸ್ತ್ರಿ ಕೆಳಗೆ ಕೆಲ್ಸ ಮಾಡ್ತಿದ್ರೆ ಮೇಸ್ತ್ರಿನೂ ಬಿಲ್ಡರ್‌ನೂ ಇಬ್ರನ್ನೂ ಪಾರ್ಟಿ ಮಾಡ್ಬಹುದು, ಸೆಕ್ಷನ್ 12 ಅದಕ್ಕೇ ಇರೋದು, ಮೇಸ್ತ್ರಿ ಹತ್ರ ಎಲ್ಲಿಂದ ಬರ್ಬೇಕು ಲಕ್ಷಗಟ್ಟಲೆ? ಕೇಸನ್ನ ನಿಮ್ಮ ಸ್ವಂತ ಊರಲ್ಲೂ ಹಾಕ್ಬಹುದು, ಬೆಂಗ್ಳೂರಲ್ಲಿ ಬಿದ್ದ ಮಾತ್ರಕ್ಕೆ ರಾಯಚೂರಿಂದ ಪ್ರತಿ ತಾರೀಖಿಗೂ ರೈಲು ಹತ್ಬೇಕಾಗಿಲ್ಲ.

ಬಲಹೀನತೆ ಅಂದ್ರೆ ಮಿತಿ. ನಿಮ್ಮ ಸಂಬಳ ಎಷ್ಟೇ ಇರ್ಲಿ ಲೆಕ್ಕಕ್ಕೆ ತಗೊಳೋದು ಜಾಸ್ತಿ ಅಂದ್ರೆ ತಿಂಗಳಿಗೆ 15,000, ಇದು 2020ರ ಜನವರಿಯಿಂದ ಇರೋ ಮಿತಿ, ಕೇಸ್ ಹಾಕೋವಾಗ ಹೊಸ ನೋಟಿಫಿಕೇಶನ್ ಬಂದಿದೆಯಾ ಕೇಳ್ಕೊಳ್ಳಿ. ಸಾವಿಗೆ ಸಂಬಳದ 50%, ಪೂರ್ತಿ ಊನಕ್ಕೆ 60%, ಅದನ್ನ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸ್ತಾರೆ. 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ತಿಂಗಳೊಳಗೆ ಕೊಡ್ಲಿಲ್ಲ ಅಂದ್ರೆ 12% ಬಡ್ಡಿ, ಕಾರಣ ಇಲ್ದೆ ಎಳೆದಾಡಿದ್ರೆ 50% ತನಕ ದಂಡ. ಈ ಬಡ್ಡಿ ಸಣ್ಣದಲ್ಲ, ಮೂರು ವರ್ಷ ಎಳೆದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸೇರ್ಕೊಳ್ಳುತ್ತೆ. ಆಸ್ಪತ್ರೆ ಖರ್ಚಿನ ಬಿಲ್ಲನ್ನೂ ಕೇಳ್ಬಹುದು.

ಬೆರಳಿನ ವಿಷ್ಯ ಕೇಳಿದ ಹುಡುಗನಿಗೆ ಹೇಳಿದ್ದು ಇದು. ಇಎಸ್‌ಐ ಇಲ್ಲ ಅಂದ್ಕೊಳ್ಳಿ, ವಯಸ್ಸು 30, ಸಂಬಳ 15,000, ತೋರುಬೆರಳು ಪೂರ್ತಿ ಹೋಗಿದೆ. ಕಾಯ್ದೆಯ ಪಟ್ಟಿಯಲ್ಲಿ ತೋರುಬೆರಳಿಗೆ 14% ಅಂತಿದೆ. 9,000 ಗುಣಿಸು 207.98 ಅಂದ್ರೆ 18,71,820, ಅದರ 14% ಸುಮಾರು 2.62 ಲಕ್ಷ. ಅವನಿಗೆ ಕಂಪನಿಯವ್ರು ಕೊಡ್ತೀವಿ ಅಂದಿದ್ದು 40 ಸಾವಿರ. ಹೆಬ್ಬೆರಳಾದ್ರೆ 30%, ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ರೆ 40%. ಬೆನ್ನು, ಸೊಂಟ ಇಂಥವು ಪಟ್ಟಿಯಲ್ಲಿಲ್ಲ, ಅದಕ್ಕೆ ಡಾಕ್ಟರ್ ಬಂದು ಸಾಕ್ಷಿ ಹೇಳ್ಬೇಕು. ಅಲ್ಲೊಂದು ಸೂಕ್ಷ್ಮ ಇದೆ, ಕೈಯಲ್ಲಿ ಎಷ್ಟು ಊನ ಅನ್ನೋದು ಬೇರೆ, ದುಡಿಯೋ ಶಕ್ತಿ ಎಷ್ಟು ಹೋಯ್ತು ಅನ್ನೋದು ಬೇರೆ. ಎಡಗೈ ಮೊಣಕೈ ಮೇಲಕ್ಕೆ ಹೋದ ಒಬ್ಬ ಮರಗೆಲಸದವನ ಕೇಸಲ್ಲಿ ಸುಪ್ರೀಂ ಕೋರ್ಟ್ ಐವತ್ತು ವರ್ಷದ ಹಿಂದೆನೇ ಹೇಳ್ತು, ಒಂದು ಕೈಯಲ್ಲಿ ಮರಗೆಲಸ ಮಾಡೋಕಾಗಲ್ಲ, ಹಾಗಾಗಿ ನಷ್ಟ ನೂರಕ್ಕೆ ನೂರು ಅಂತ. ಡಾಕ್ಟರ್ ಸರ್ಟಿಫಿಕೇಟ್ ಬರೆಸೋವಾಗ ನೀವು ಮಾಡೋ ಕೆಲ್ಸ ಏನು ಅಂತ ಬಿಡಿಸಿ ಹೇಳಿ.

ಮೂರನೇದು, ಪೆಟ್ಟು ಮಾಡಿದ್ದು ನಿಮ್ಮ ಮಾಲೀಕ ಅಲ್ಲ, ಹೊರಗಿನವ್ರು. ನಮ್ಮ ಕಡೆ ಹೆಚ್ಚು ಬರೋದು ಗಾಡಿನೇ, ಹಾಗಾಗಿ ಮೋಟಾರು ವಾಹನ ಕಾಯ್ದೆ ಸೆಕ್ಷನ್ 166, ಎಂಎಸಿಟಿಯಲ್ಲಿ (ಗಾಡಿ ಆಕ್ಸಿಡೆಂಟ್ ಕ್ಲೇಮ್ ನೋಡೋ ಕೋರ್ಟಲ್ಲಿ) ಹಾಕೋ ಎಂವಿಸಿ ಕೇಸು. ಇಲ್ಲಿ ಸಂಬಳಕ್ಕೆ ಮಿತಿ ಇಲ್ಲ, ಮುಂದೆ ಸಂಬಳ ಏರ್ತಿತ್ತು ಅಂತನೂ ಸೇರಿಸ್ತಾರೆ, ಗಾಯ ಆದವ್ರಿಗೆ ನೋವಿಗೂ ಬೇರೆ ದುಡ್ಡು. ಆದ್ರೆ ಆ ಡ್ರೈವರ್‌ದು ತಪ್ಪು ಅಂತ ತೋರಿಸ್ಲೇಬೇಕು, ನಿಮ್ದೂ ಸ್ವಲ್ಪ ತಪ್ಪಿದೆ ಅಂದ್ರೆ ಅಷ್ಟು ಕಟ್ ಆಗುತ್ತೆ.

ಒಂದೇ ಮನೆ ತಗೊಂಡು ಲೆಕ್ಕ ಹಾಕಿ ನೋಡಿ. 30 ವರ್ಷದವ್ರು, ತಿಂಗಳಿಗೆ 18,000, ಹೆಂಡ್ತಿ, ಒಂದು ಮಗು, ವಯಸ್ಸಾದ ತಾಯಿ. ಕೆಲ್ಸದ ಮೇಲೆ ಹೋಗ್ತಾ ಲಾರಿ ಗುದ್ದಿ ಜೀವ ಹೋಯ್ತು. ಇಸಿಯಲ್ಲಿ 15,000ದ ಅರ್ಧ 7,500, ಗುಣಿಸು 207.98, ಅಂದ್ರೆ 15,59,850. ಎಂವಿಸಿಯಲ್ಲಿ 18,000ಕ್ಕೆ ಮುಂದಿನ ಏರಿಕೆ ಅಂತ 40% ಸೇರಿಸಿದ್ರೆ 25,200, ವರ್ಷಕ್ಕೆ 3,02,400, ಮೂರು ಜನ ಅವಲಂಬಿತರು ಇರೋದ್ರಿಂದ ಅವರ ಸ್ವಂತ ಖರ್ಚು ಅಂತ ಮೂರನೇ ಒಂದು ಭಾಗ ಕಳೆದ್ರೆ 2,01,600, 26ರಿಂದ 30 ವಯಸ್ಸಿಗೆ 17ರಿಂದ ಗುಣಿಸಿದ್ರೆ 34,27,200, ಮೇಲೆ ಅಂತ್ಯಕ್ರಿಯೆ ಅದು ಇದು ಅಂತ ಸ್ವಲ್ಪ. ಎರಡು ಪಟ್ಟಿಗಿಂತ ಜಾಸ್ತಿ. ಆದ್ರೆ ಅವರದ್ದೂ 40% ತಪ್ಪು ಅಂತ ಕೋರ್ಟ್ ಹೇಳಿದ್ರೆ ಅದೇ 20,56,320ಕ್ಕೆ ಇಳಿಯುತ್ತೆ. ಪೂರ್ತಿ ತಪ್ಪು ಅವರದ್ದೇ, ನಿಂತಿದ್ದ ಲಾರಿಗೆ ತಾವೇ ಹೋಗಿ ಗುದ್ದಿದ್ರು ಅಂತಾದ್ರೆ 166ರಲ್ಲಿ ಒಂದು ರೂಪಾಯಿನೂ ಇಲ್ಲ, ಇಸಿಯಲ್ಲಿ ಮಾತ್ರ ಅದೇ 15,59,850 ಹಾಗೇ ನಿಂತಿರುತ್ತೆ. ಇದೇ ಮನೆಗೆ ಇಎಸ್‌ಐ ಇದ್ದಿದ್ರೆ ತಿಂಗಳಿಗೆ ಒಟ್ಟು ಸುಮಾರು 16,000 ಬರ್ತಿತ್ತು, ವರ್ಷಕ್ಕೆ ಎರಡು ಲಕ್ಷದ ಹತ್ರ ಹತ್ರ. ಚಿಕ್ಕ ವಯಸ್ಸಿನ ಹೆಂಡ್ತಿಗೆ ಅದು ಲಂಪ್‌ಸಮ್‌ಗಿಂತ ಕಮ್ಮಿ ಏನಲ್ಲ, ನೆಂಟರು ಬಂದು ಸಾಲ ಕೇಳಿ ಖಾಲಿ ಮಾಡೋಕೂ ಆಗಲ್ಲ.

ಈಗ ಆ ಐದನೇ ವಿಷ್ಯಕ್ಕೆ ಬರ್ತೀನಿ. ಗಾಡಿಯಿಂದ ಆದ ಆಕ್ಸಿಡೆಂಟ್‌ಗೆ ಇಸಿನೂ ಹಾಕ್ಬಹುದು ಎಂವಿಸಿನೂ ಹಾಕ್ಬಹುದು ಅನ್ನೋ ಹಾಗಿದ್ರೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 167 ಹೇಳೋದು ಎರಡ್ರಲ್ಲಿ ಒಂದನ್ನ ಆರಿಸ್ಕೊಳ್ಳಿ ಅಂತ. ಇಸಿ ಹಾಕಿ ದುಡ್ಡು ತಗೊಂಡು, ಕಮ್ಮಿ ಆಯ್ತು ಅಂತ ಮತ್ತೆ ಎಂವಿಸಿಗೆ ಹೋದ್ರೆ ನಡೆಯಲ್ಲ. ಗಾಡಿ ಅಲ್ಲದೆ ಬೇರೆ ರೀತಿ ಆದ್ರೆ, ಉದಾಹರಣೆಗೆ ಬೇರೆ ಕಂಪನಿಯ ಲಿಫ್ಟ್ ಕಿತ್ಕೊಂಡು ಬಿತ್ತು, ಪಕ್ಕದ ಕಾಂಟ್ರಾಕ್ಟರ್‌ನ ಗೋಡೆ ಮೈಮೇಲೆ ಬಿತ್ತು, ಆಗ ಇಷ್ಟು ಬಿಗಿ ಇಲ್ಲ, ನಿಮ್ಮ ಮಾಲೀಕನಿಂದ ಇಸಿ ತಗೊಂಡು ಆ ಹೊರಗಿನವ್ರ ಮೇಲೆ ಸಿವಿಲ್ ದಾವೆ ಹಾಕೋಕೆ ದಾರಿ ಇದೆ, ಕೊಟ್ಟ ಮಾಲೀಕನೂ ಅವ್ರಿಂದ ವಾಪಸ್ ಕೇಳ್ಬಹುದು. ಆದ್ರೆ ಸಿವಿಲ್ ದಾವೆ ಅಂದ್ರೆ ಕೇಳೋ ಮೊತ್ತಕ್ಕೆ ತಕ್ಕ ಕೋರ್ಟ್ ಫೀಸು, ವರ್ಷಗಟ್ಟಲೆ ಅಲೆದಾಟ. ತಪ್ಪು ಕಣ್ಣಿಗೆ ಹೊಡೆಯೋ ಹಾಗಿದ್ದು, ಎದುರು ಪಾರ್ಟಿ ದೊಡ್ಡದಾಗಿದ್ರೆ ಮಾತ್ರ ಅದಕ್ಕೆ ಕೈ ಹಾಕಿ.

ಭಾವನ ವಿಷ್ಯ ಹೇಳ್ದೆ ಇದು ಪೂರ್ತಿ ಆಗಲ್ಲ. ಭಾವ ಸೆಂಟ್ರಿಂಗ್ ಕೆಲಸದವ್ರು, ಸಿಂಧನೂರು ಕಡೆಯವ್ರು, ಬೆಂಗ್ಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ಸೈಟಲ್ಲಿ ದಿನಕ್ಕೆ 700. ಎರಡನೇ ಮಹಡಿ ಎತ್ತರದ ಸಾರ್ವೆ ಮೇಲಿದ್ರು, ಕಾಂಕ್ರೀಟ್ ತಂದಿದ್ದ ಬೇರೆಯವ್ರ ಮಿಕ್ಸರ್ ಲಾರಿ ರಿವರ್ಸ್ ಬಂದು ಸಾರ್ವೆ ಕಂಬಕ್ಕೆ ತಾಗಿ ಎಲ್ಲಾ ಒಟ್ಟಿಗೆ ಕೆಳಗೆ ಬಂತು. ಸೊಂಟದ ಮೂಳೆ, ಬಲಗಾಲು. ಆಸ್ಪತ್ರೆಗೆ ಕರ್ಕೊಂಡು ಹೋದ ಮೇಸ್ತ್ರಿ ಎಮರ್ಜೆನ್ಸಿಯಲ್ಲಿ ಹೇಳಿದ್ದು "ಮೆಟ್ಲಿಂದ ಜಾರಿ ಬಿದ್ರು ಸಾರ್" ಅಂತ. ಎಂಎಲ್‌ಸಿ ರಿಜಿಸ್ಟರಲ್ಲಿ, ಅಂದ್ರೆ ಪೊಲೀಸ್ ಕೇಸ್ ಆಗಬಹುದಾದ ಗಾಯಗಳನ್ನ ಆಸ್ಪತ್ರೆಯವ್ರು ಬರೆದಿಡೋ ಪುಸ್ತಕದಲ್ಲಿ, ಅದೇ ಒಂದು ಸಾಲು ಬರ್ಕೊಂಡ್ರು. ನಾನು ಮಾರನೇ ದಿನ ಹೋದೆ, ಭಾವ ಇನ್ನೂ ಸರಿಯಾಗಿ ಮಾತಾಡ್ತಿರ್ಲಿಲ್ಲ, ಅಕ್ಕ ಅಳ್ತಿದ್ಲು, ನನಗೂ ಆ ರಿಜಿಸ್ಟರ್ ನೋಡ್ಬೇಕು ಅಂತ ಹೊಳೀಲಿಲ್ಲ. ಹನ್ನೊಂದನೇ ದಿನ ಲಾಯರ್ ಆ ಕಾಪಿ ತರಿಸಿ ಓದಿದಾಗ್ಲೇ ಗೊತ್ತಾಗಿದ್ದು, ಲಾರಿ ಅನ್ನೋ ಪದನೇ ಅದ್ರಲ್ಲಿ ಇಲ್ಲ, ಪೊಲೀಸ್ ಕಂಪ್ಲೇಂಟಲ್ಲಿ ಗಾಡಿ ನಂಬರ್ ಇಲ್ಲ, ಲಾರಿ ಅವತ್ತೇ ಹೋಗಿಬಿಟ್ಟಿದೆ. ಮೇಲಿಂದ ಸೈಟ್ ಒಳಗೆ ಆಗಿದ್ದು ಪಬ್ಲಿಕ್ ಪ್ಲೇಸ್ ಅಲ್ಲ ಅಂತ ಇನ್ಶೂರೆನ್ಸ್‌ನವ್ರು ಹೇಗೂ ವಾದ ಮಾಡ್ತಾರೆ ಅಂತ ಲಾಯರ್ ಹೇಳಿದ್ರು. ದೊಡ್ಡ ಮೊತ್ತದ ಬಾಗಿಲು ಆ ಒಂದು ಸಾಲಿಂದ ಹೋಯ್ತು.

ಅದಕ್ಕೇ ಎಲ್ರಿಗೂ ಹೇಳ್ತೀನಿ, ಯಾವ ಕೇಸ್ ಅಂತ ಆಮೇಲೆ ಯೋಚ್ನೆ ಮಾಡಿ, ಮೊದಲ ದಿನ ಆಸ್ಪತ್ರೆಯಲ್ಲಿ ಏನು ಬರ್ಕೊಂಡ್ರು ಅಂತ ನಿಂತು ಓದಿಸ್ಕೊಳ್ಳಿ. ಎಲ್ಲಿ, ಯಾರ ಕೆಲ್ಸದಲ್ಲಿ, ಏನು ತಾಗಿ, ಗಾಡಿ ಇದ್ರೆ ನಂಬರ್ ಸಮೇತ. ತಪ್ಪಿದ್ರೆ ಅವತ್ತೇ ಬರವಣಿಗೆಯಲ್ಲಿ ಕೊಟ್ಟು ಸರಿ ಮಾಡಿಸಿ, ಪೊಲೀಸರಿಗೂ ಅದನ್ನೇ ಹೇಳಿ.

ಭಾವನಿಗೆ ಇಎಸ್‌ಐ ಇರ್ಲಿಲ್ಲ, ಹಾಗಾಗಿ ಇಸಿ ಹಾಕಿದ್ವಿ. ಬಿಲ್ಡರ್ "ಇವ್ರು ನಮ್ಮವ್ರೇ ಅಲ್ಲ" ಅಂದ್ರು. ಅದಕ್ಕೆ ಉತ್ತರ ಆಗಿದ್ದು ಮೇಸ್ತ್ರಿ ಪ್ರತಿ ಶನಿವಾರ ಹಾಕಿದ ಫೋನ್‌ಪೇ ದುಡ್ಡು, ಭಾವನ ಜೇಬಲ್ಲಿದ್ದ ಮಡಚಿ ಮಡಚಿ ಹರಿದ ಹಾಜ್ರಿ ಚೀಟಿ, ಆಮೇಲೆ ಹಿಂದಿನ ವಾರವಷ್ಟೇ ಸೈಟ್ ಹೆಲ್ಮೆಟ್ ಹಾಕ್ಕೊಂಡು ಮಗಳಿಗೆ ಕಳಿಸಿದ್ದ ಒಂದು ಫೋಟೋ, ಹಿಂದೆ ಬಿಲ್ಡಿಂಗ್ ಬೋರ್ಡ್ ಕಾಣ್ತಿತ್ತು. ಫೋನ್ ರಿಪೇರಿಗೆ ಕೊಡೋಕೆ ಮೊದ್ಲು ಇಂಥದ್ದೆಲ್ಲ ಉಳಿಸ್ಕೊಳ್ಳಿ. ವಯಸ್ಸು 34, ದುಡಿಯೋ ಶಕ್ತಿ ನಷ್ಟ 50% ಅಂತ ತೀರ್ಮಾನ ಆಗಿ 8,97,300, ಮೇಲೆ 12% ಬಡ್ಡಿ ಬಂತು.

ಹಾಗಾದ್ರೆ ನೀವು ಯಾವ್ದು ಹಿಡೀಬೇಕು? ಇಎಸ್‌ಐ ಇದ್ದು ಫ್ಯಾಕ್ಟರಿ ಒಳಗೆ ಆಗಿದ್ರೆ ಯೋಚ್ನೆನೇ ಬೇಡ, ಇಎಸ್‌ಐ, ಬೇರೆ ದಾರಿಗೆ ದುಡ್ಡು ಸುರೀಬೇಡಿ. ಇಎಸ್‌ಐ ಇಲ್ಲ, ಹೊರಗಿನ ಗಾಡಿ ಗುದ್ದಿದೆ, ಅದರ ಡ್ರೈವರ್ ಮೇಲೆ ಚಾರ್ಜ್‌ಶೀಟ್ ಆಗಿದೆ, ಗಾಡಿಗೆ ಇನ್ಶೂರೆನ್ಸ್ ಇದೆ ಅಂದ್ರೆ ಎಂವಿಸಿ, ಅದ್ರಲ್ಲೂ ಸಂಬಳ 15,000ಕ್ಕಿಂತ ಜಾಸ್ತಿ ಇದ್ರೆ ಕಣ್ಮುಚ್ಕೊಂಡು ಎಂವಿಸಿ. ನೀವೇ ಓಡಿಸ್ತಿದ್ದ ಡ್ರೈವರ್, ತಪ್ಪು ನಿಮ್ದು ಅಂತ ಎಫ್‌ಐಆರ್ ಆಗಿದೆ ಅಂದ್ರೆ ಓನರ್ ಮೇಲೆ ಇಸಿ. ಕಮರ್ಷಿಯಲ್ ಗಾಡಿಯ ಪಾಲಿಸಿಯಲ್ಲಿ ಡ್ರೈವರ್‌ಗೆ ಇಸಿ ಮಟ್ಟದ ಕವರ್ ಇರ್ಲೇಬೇಕು ಅಂತ ಕಾನೂನಿದೆ, ಹಾಗಾಗಿ ದುಡ್ಡು ಇನ್ಶೂರೆನ್ಸಿಂದನೇ ಬರುತ್ತೆ. ಆ ಟೆಂಪೋ ಡ್ರೈವರ್‌ನ ಹೆಂಡ್ತಿಗೆ ನಾನು ಹೇಳಿದ್ದೂ ಇದನ್ನೇ. ತಪ್ಪು ಯಾರದ್ದು ಅಂತ ತೋರಿಸ್ದೆನೂ ಸಿಗೋ ಮೋಟಾರು ವಾಹನ ಕಾಯ್ದೆ ಸೆಕ್ಷನ್ 164 ಇದೆ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಬೇಗ ಆಗುತ್ತೆ ಅಂತ ಏಜೆಂಟ್‌ಗಳು ಅದಕ್ಕೆ ಎಳೀತಾರೆ, ಆದ್ರೆ ಇಸಿ ಸಿಗೋ ಮನೆಗೆ ಅದು ತೀರಾ ಕಮ್ಮಿ. ಗಾಡಿ ಗುದ್ದಿ ಓಡಿಹೋಗಿ ನಂಬರೇ ಸಿಕ್ಕಿಲ್ಲ ಅಂದ್ರೆ ಹಿಟ್ ಅಂಡ್ ರನ್ ಸ್ಕೀಮಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಅಷ್ಟೇ, ಅಂಥವ್ರು ಕೆಲ್ಸದ ಮೇಲಿದ್ರು ಅಂತ ತೋರ್ಸೋಕಾದ್ರೆ ಇಸಿನೇ ಗಟ್ಟಿ.

ಮನೆಯಿಂದ ಕೆಲ್ಸಕ್ಕೆ ಹೋಗ್ತಾ ಬರ್ತಾ ಆದ್ರೆ? ಮೊದ್ಲು ಇದ್ರಲ್ಲಿ ತುಂಬಾ ಜಗಳ ಇತ್ತು. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆ ವಾಚ್‌ಮನ್ 2003ರಲ್ಲಿ ರಾತ್ರಿ ಪಾಳಿಗೆ ಬೈಕಲ್ಲಿ ಹೋಗ್ತಾ ಕಾರ್ಖಾನೆಗೆ ಐದು ಕಿಲೋಮೀಟರ್ ಇರೋವಾಗ ತೀರ್ಕೊಂಡ್ರು, ಆ ಮನೆಯವ್ರಿಗೆ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಉಳಿಸಿಕೊಡ್ತು, ಕೆಲ್ಸಕ್ಕೂ ಆ ಪ್ರಯಾಣಕ್ಕೂ ಸಂಬಂಧ ಇದ್ರೆ ಅದೂ ಕೆಲ್ಸದ ಆಕ್ಸಿಡೆಂಟೇ ಅಂತ. ಹೊಸ ಕೋಡಲ್ಲೂ ಅದನ್ನ ಬರೆದಿದಾರೆ.

ಕೇಸ್ ಹಾಕೋಕೆ ಇರೋ ಟೈಮ್ ವಿಷ್ಯದಲ್ಲಿ ಇಸಿಗೂ ಎಂವಿಸಿಗೂ ತುಂಬಾ ವ್ಯತ್ಯಾಸ ಇದೆ. ಇಸಿಗೆ ಎರಡು ವರ್ಷ, ಎಂವಿಸಿಗೆ 2022 ಏಪ್ರಿಲ್ 1ರಿಂದ ಆರೇ ತಿಂಗಳು. ಮಾಲೀಕ ನೋಡೋಣ ಮಾಡೋಣ ಅಂತ ಸಮಾಧಾನ ಮಾಡ್ತಾ ಇರೋದ್ರಲ್ಲೇ ಆರು ತಿಂಗಳು ಕಳೆದುಹೋಗುತ್ತೆ. ರಸ್ತೆ ಆಕ್ಸಿಡೆಂಟ್ ಆದ್ರೆ 2025ರ ಮೇ ತಿಂಗಳಿಂದ ಏಳು ದಿನದವರೆಗೆ 1.5 ಲಕ್ಷದ ಕ್ಯಾಶ್‌ಲೆಸ್ ಚಿಕಿತ್ಸೆ ಸ್ಕೀಮ್ ಇದೆ, ಆಸ್ಪತ್ರೆಯಲ್ಲಿ ಕೇಳಿ, ಚಿನ್ನ ಅಡ ಇಡೋಕೆ ಮೊದ್ಲು. ಕಟ್ಟಡ ಕೆಲಸದವ್ರಾದ್ರೆ ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಡ್ ಮಾಡಿಸಿಟ್ಕೊಳ್ಳಿ, ವರ್ಷದಲ್ಲಿ 90 ದಿನ ಕೆಲ್ಸ ಮಾಡಿದ 18ರಿಂದ 60 ವಯಸ್ಸಿನವ್ರಿಗೆ ಸಿಗುತ್ತೆ. ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗೋ ಸುರಕ್ಷಾ ಬಿಮಾ ಇದ್ರೆ ಸಾವಿಗೆ 2 ಲಕ್ಷ. ಇದು ನೀವೇ ಕಟ್ಟಿದ ಇನ್ಶೂರೆನ್ಸು, ಕೇಸ್ ಹಾಕಿದೀವಿ ಅಂತ ಇದನ್ನ ಬಿಡ್ಬೇಡಿ, ಎಷ್ಟೋ ಮನೆಯವ್ರು ಪಾಸ್‌ಬುಕ್ ತೆಗೆದು ನೋಡೇ ಇಲ್ಲ.

ಇನ್ನೊಂದು, ಖಾಲಿ ಪೇಪರ್. ಭಾವನ ವಾರ್ಡಿಗೆ ನಾಲ್ಕನೇ ದಿನ ಒಬ್ರು ಹಣ್ಣಿನ ಕವರ್ ಜೊತೆ ಛಾಪಾ ಕಾಗದನೂ ತಂದಿದ್ರು, ಆಸ್ಪತ್ರೆ ಬಿಲ್ ಕಟ್ತೀವಿ ಇಲ್ಲಿ ಒಂದು ಸೈನ್ ಮಾಡಿ ಅಂತ. ಅಕ್ಕ ಹೆಬ್ಬೆಟ್ಟು ಒತ್ತೋಕೆ ಹೋಗಿದ್ಲು. ಪರಿಹಾರದ ಹಕ್ಕು ಬಿಟ್ಕೊಡ್ತೀನಿ ಅಂತ ಬರ್ಕೊಟ್ರೆ ಅದು ಕಾನೂನಲ್ಲಿ ನಿಲ್ಲಲ್ಲ, ಸಾವಿನ ಕೇಸಲ್ಲಿ ಮನೆಯವ್ರ ಕೈಗೆ ನೇರ ಕೊಟ್ಟ ದುಡ್ಡನ್ನ ಇಸಿ ಪರಿಹಾರ ಅಂತ ಲೆಕ್ಕಕ್ಕೇ ತಗೊಳಲ್ಲ, ಇಸಿ ಕೇಸ್ ನೋಡೋ ಕಮಿಷನರ್ ಹತ್ರ ಡೆಪಾಸಿಟ್ ಮಾಡ್ಬೇಕು. ಆದ್ರೂ ಸೈನ್ ಆದ ಪೇಪರ್ ಕೋರ್ಟಲ್ಲಿ ವರ್ಷಗಟ್ಟಲೆ ತಲೆನೋವು, ಹಾಕ್ಬೇಡಿ.

ಲಾಯರ್ ಫೀಸಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲೇ ಇರುತ್ತೆ, ಫೋನ್ 15100. ಹೆಂಗಸ್ರಿಗೆ, ಎಸ್‌ಸಿ ಎಸ್‌ಟಿಯವ್ರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡ್ದೆ ಉಚಿತ ಲಾಯರ್ ಕೊಡ್ತಾರೆ. ಆಸ್ಪತ್ರೆ ಗೇಟಲ್ಲಿ ನಿಂತು ಬರೋ ದುಡ್ಡಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನೋವ್ರ ಹತ್ರ ಫೈಲ್ ಕೊಡ್ಬೇಡಿ, ಪರ್ಸೆಂಟ್ ಲೆಕ್ಕದಲ್ಲಿ ಫೀಸ್ ಮಾತಾಡೋದು ವಕೀಲರ ನಿಯಮಕ್ಕೇ ವಿರುದ್ಧ. ಹೋಗೋವಾಗ ಎಂಎಲ್‌ಸಿ ಕಾಪಿ, ಎಫ್‌ಐಆರ್, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಆಧಾರ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಹಾಜ್ರಿ ಚೀಟಿ ಇದ್ರೆ ಒರಿಜಿನಲ್ ಯಾರಿಗೂ ಕೊಡ್ಬೇಡಿ, ಜೆರಾಕ್ಸ್ ಮಾತ್ರ ಕೊಡಿ.